ಮೊರದ ಪಕ್ಷ ಬಿಡದ ಕೇತಪ್ಪ

ಹಿರೇಕಣಿವೆ ಅಂತ ಒಂದು ಊರು. ಆ ಊರಿಗೊಂದು ಮೇದಾರ ಓಣಿ. ಆ ಓಣಿಯಲ್ಲಿ ಸಾತವ್ವ ಅಂತ ಒಬ್ಬಳು. ಬಿದಿರು ಸೀಳಿ ಮೊರ ಹೆಣೆಯುವುದು ಅವಳ ಕಸುಬು. ಅವಳಿಗೆ ಒಬ್ಬನೇ ಮಗ, ಕೇತಪ್ಪ. ಮೂವತ್ತು ವರ್ಷದ ಆಳು. ಕೈ ಚುರುಕು, ಮೈಗಳ್ಳನಲ್ಲ, ಸುಳ್ಳು ಗೊತ್ತಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು. ಅವ್ವನಿಗಿದ್ದ ಸಂಕಟವೂ ಅದೇ.

ಗೌರಿ ಹಬ್ಬ ಹತ್ತಿರ ಬಂದಿತ್ತು. ಬಾಗಿನಕ್ಕೆ ಎರಡು ಮೊರ ಬೇಕು. ಒಂದರಲ್ಲಿ ಬಳೆ, ಬಿಚ್ಚೋಲೆ, ಬೇಳೆ, ಬೆಲ್ಲ ತುಂಬಿ ಇನ್ನೊಂದನ್ನು ಅದರ ಮೇಲೆ ಮುಚ್ಚಿ ಕೊಡುವುದು ಪದ್ಧತಿ. ಸಾತವ್ವ ಹತ್ತು ಜೊತೆ ಮೊರ ಕಟ್ಟಿ ಮಗನ ತಲೆಯ ಮೇಲಿಟ್ಟಳು.

“ಸಂತೆಗೆ ಹೋಗಿ ಮಾರಿಕೊಂಡು ಬಾ. ಜೊತೆ ಮಾತ್ರ ಮುರೀಬೇಡ” ಅಂದಳು.

“ಆಗಲಿ ಅವ್ವಾ” ಅಂದ ಕೇತಪ್ಪ.

ಸಂತೆಯಲ್ಲಿ ಒಬ್ಬಳು ಬಂದಳು. ಅಕ್ಕಿ ಕೇರೋಕೆ ಒಂದು ಮೊರ ಸಾಕು ಅಂದಳು. ಕೊಡಲಿಲ್ಲ. ಇನ್ನೊಬ್ಬಳು ಬಂದಳು. ಜೊತೆಯೇ ಬೇಕು, ಆದರೆ ಬಿಚ್ಚಿ ತೋರಿಸು, ಒಳಗಡೆ ಹುಳ ಬಿದ್ದಿದೆಯೋ ಏನೋ ಅಂದಳು. ಬಿಚ್ಚಲಿಲ್ಲ. ಹತ್ತು ಜೊತೆಯೂ ಹೋದ ಹಾಗೆಯೇ ಮನೆಗೆ ಬಂದವು.

“ಅಯ್ಯೋ ನನ್ನಪ್ಪಾ, ಹಾಗಲ್ಲ” ಅಂದಳು ಸಾತವ್ವ. “ಕೇಳಿದವರಿಗೆ ಕೇಳಿದ್ದು ಕೊಡಬೇಕು.”

“ಆಗಲಿ ಅವ್ವಾ, ಇನ್ನು ಮೇಲೆ ಹಾಗೇ ಮಾಡ್ತೀನಿ.”

ಮುಂದಿನ ಸಂತೆಯಲ್ಲಿ ಮೊರ ಕೇಳಿದವರಿಗೆ ಮೊರ ಕೊಟ್ಟ. ಟವೆಲ್ ಕೇಳಿದವನಿಗೆ ಟವೆಲ್ ಕೊಟ್ಟ. ಒಬ್ಬ ತಮಾಷೆಗೆ ಚಪ್ಪಲಿ ಕೇಳಿದ, ಅದನ್ನೂ ಕೊಟ್ಟ. ಇನ್ನೊಬ್ಬ ಪಂಚೆ ಕೇಳಿದ. ಸಂಜೆ ಕೇತಪ್ಪ ಚಡ್ಡಿಯಲ್ಲಿ ಓಣಿಗೆ ಬಂದ.

“ಅಯ್ಯೋ ನನ್ನಪ್ಪಾ, ಹಾಗಲ್ಲ. ಏನೇ ಕೇಳಿದರೂ ಕೊಡೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಬೇಕು.”

“ಆಗಲಿ ಅವ್ವಾ, ಇನ್ನು ಮೇಲೆ ಹಾಗೇ ಮಾಡ್ತೀನಿ.”

ಮೂರನೆಯ ಸಂತೆಯ ದಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬಿಳಿ ಕಾರು ನಿಂತಿತು. ಇಳಿದವರು ಪಂಪಣ್ಣನವರು. ಮೊರದ ಗುರುತಿನ ಪಕ್ಷದ ದೊಡ್ಡ ಮನುಷ್ಯರು. ಮೊರದ ಜೊತೆಗಳ ನಡುವೆ ಕೂತಿದ್ದ ಕೇತಪ್ಪನನ್ನು ನೋಡಿ ಅವರಿಗೆ ಖುಷಿಯಾಯಿತು.

“ಏನಪ್ಪಾ, ನಮ್ಮ ಗುರುತನ್ನೇ ಗುಡ್ಡೆ ಹಾಕಿಕೊಂಡು ಕೂತಿದ್ದೀಯ. ನಿನ್ನ ಹೆಸರೇನು?”

“ಸ್ವಲ್ಪ ಇರಿ ಅಣ್ಣಾರೆ” ಅಂದ ಕೇತಪ್ಪ. ಮೊರಗಳನ್ನು ಅಲ್ಲೇ ಬಿಟ್ಟು ಓಡಿದ. ಅರ್ಧ ಮೈಲಿ ಹೋಗಿ, ಅವ್ವನನ್ನು ಕೇಳಿ, ಅರ್ಧ ಮೈಲಿ ಬಂದ. ಏದುಸಿರು ಬಿಡುತ್ತ ಹೇಳಿದ: “ಕೇತಪ್ಪ ಅಂತ ಹೇಳಬಹುದಂತೆ.”

ಜೊತೆಯಲ್ಲಿದ್ದವರು ನಕ್ಕರು. ಪಂಪಣ್ಣನವರು ನಗಲಿಲ್ಲ. ಹೆಸರು ಹೇಳುವುದಕ್ಕೂ ಮೇಲಿನವರ ಅಪ್ಪಣೆ ಕೇಳುವ ಮನುಷ್ಯನನ್ನು ಅವರು ಎಷ್ಟೋ ವರ್ಷದಿಂದ ಹುಡುಕುತ್ತಿದ್ದರು.

ಯಾಕೆಂದರೆ, ಹಿರೇಕಣಿವೆಯಲ್ಲಿ ಮೊರದ ಗುರುತಿನಲ್ಲಿ ಗೆದ್ದವರೆಲ್ಲ ಒನಕೆಯ ಗುರುತಿನ ಪಕ್ಷಕ್ಕೆ ಹೋಗಿಬಿಡುತ್ತಿದ್ದರು. ಹಾಗೆ ಹೋಗಬಾರದು ಅಂತ ಕಾಯ್ದೆಯಿದೆ. ಪಕ್ಷಾಂತರ ನಿಷೇಧದ ಕಾಯ್ದೆ. ಗೆದ್ದ ಪಕ್ಷವನ್ನು ಬಿಟ್ಟರೆ ಸೀಟು ಹೋಗುತ್ತದೆ. ಪಕ್ಷ ಹೇಳಿದ ಕಡೆ ಮತ ಹಾಕದಿದ್ದರೂ ಹೋಗುತ್ತದೆ. ಬುದ್ಧಿವಂತರು ಅದಕ್ಕೂ ದಾರಿ ಕಂಡುಕೊಂಡಿದ್ದರು. ಮೊದಲು ರಾಜೀನಾಮೆ ಕೊಡುವುದು, ಆಮೇಲೆ ಆ ಕಡೆ ಹೋಗುವುದು, ಆ ಗುರುತಿನಲ್ಲಿ ಮತ್ತೆ ಗೆದ್ದು ಬರುವುದು.

ಪಂಪಣ್ಣನವರು ನೇರ ಸಾತವ್ವನ ಮನೆಗೆ ಬಂದರು. ನಿನ್ನ ಮಗನನ್ನು ಎಮ್ಮೆಲ್ಲೆ ಮಾಡುತ್ತೇವೆ ಅಂದರು.

“ಬೇಡ ಸ್ವಾಮಿ. ಅವನಿಗೆ ಏನೂ ತಿಳಿಯೋದಿಲ್ಲ.”

“ತಿಳಿದವರನ್ನೆಲ್ಲ ನೋಡಿ ಆಯ್ತು ತಾಯಿ. ಓಡಿಹೋದವರೆಲ್ಲ ತಿಳಿದವರೇ.”

ಸಾತವ್ವ ಕೈಯಲ್ಲಿದ್ದ ಬಿದಿರ ಸೀಳನ್ನು ಕೆಳಗಿಟ್ಟಳು. ಊರಿನ ಕೊನೆಯಲ್ಲಿ ಅರಣ್ಯ ಇಲಾಖೆಯ ಬಿದಿರು ಡಿಪೋ ಇತ್ತು. ಮೇದಾರರಿಗೆ ಸರ್ಕಾರಿ ದರದಲ್ಲಿ ಬಿದಿರು ಸಿಗುತ್ತಿದ್ದದ್ದು ಅಲ್ಲಿ. ನಾಲ್ಕು ವರ್ಷದಿಂದ ಅದಕ್ಕೆ ಬೀಗ. ಓಣಿಯಲ್ಲಿ ಅರವತ್ತು ಮನೆಯಿದ್ದವು, ಹದಿನೆಂಟು ಮನೆಯವರು ಆಗಲೇ ಕಸುಬು ಬಿಟ್ಟು ಗಾರೆ ಕೆಲಸಕ್ಕೆ ಹೋಗಿದ್ದರು. ಅವಳ ಹಿತ್ತಿಲಲ್ಲಿ ಇನ್ನು ಒಂದು ಹೊರೆ ಬಿದಿರು ಮಾತ್ರ ಉಳಿದಿತ್ತು.

“ಇವನು ಗೆದ್ದರೆ ಆ ಡಿಪೋ ಬಾಗಿಲು ತೆಗೀತಾರಾ?”

“ಯಾಕೆ ತೆಗೆಯೋದಿಲ್ಲ? ನಮ್ಮದೇ ಸರ್ಕಾರ ಬರುತ್ತೆ.”

“ಹಾಗಾದರೆ ಕರಕೊಂಡು ಹೋಗಿ” ಅಂದಳು ಸಾತವ್ವ.

ಮೊರ ಹೆಣೆಯುವವಳ ಮಗ, ಮೊರದ ಗುರುತು. ಜನ ನಗುತ್ತಲೇ ಬಟನ್ ಒತ್ತಿದರು. ಕೇತಪ್ಪ ಗೆದ್ದ. ಮೊರದ ಸರ್ಕಾರವೂ ಬಂತು. ಆದರೆ ಸದನದಲ್ಲಿ ಮೊರದವರು ಒನಕೆಯವರಿಗಿಂತ ಒಬ್ಬನೇ ಒಬ್ಬ ಹೆಚ್ಚು. ಆ ಒಬ್ಬ ಯಾರು ಅಂತ ಲೆಕ್ಕ ಹಾಕಿದರೆ ಎಲ್ಲರ ಬೆರಳೂ ಕೇತಪ್ಪನ ಕಡೆಗೇ ತಿರುಗುತ್ತಿತ್ತು.

ಮೊದಲ ದಿನ ಪಂಪಣ್ಣನವರು ಅವನನ್ನು ವಿಧಾನಸಭೆಯಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಪಕ್ಷದ ಮುಖ್ಯ ಸಚೇತಕರು ಅವರೇ. ಯಾವುದಕ್ಕೆ ಹೇಗೆ ಮತ ಹಾಕಬೇಕು ಅಂತ ಎಲ್ಲರಿಗೂ ಚೀಟಿ ಕೊಡುವ ಕೆಲಸ ಅವರದು. ಆ ಚೀಟಿಗೆ ವಿಪ್ ಅನ್ನುತ್ತಾರೆ.

“ನಿನಗೆ ಚೀಟಿ ಗೀಟಿ ತಲೆನೋವು ಬೇಡ. ನಾನು ಏನು ಮಾಡ್ತೀನೋ ಅದನ್ನೇ ಮಾಡು.”

“ಆಗಲಿ ಅಣ್ಣಾರೆ.”

ಪಂಪಣ್ಣನವರು ಕೈಯೆತ್ತಿದರೆ ಇವನೂ ಎತ್ತಿದ. ಅವರು ಮೇಜು ಕುಟ್ಟಿದರೆ ಇವನೂ ಕುಟ್ಟಿದ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇವನು ಈಚೆ ಪಕ್ಕದವರ ಮೂಗಿನ ಮೇಲಿಂದ ಕನ್ನಡಕ ತೆಗೆದು ಒರೆಸಿ ಮತ್ತೆ ಅವರಿಗೇ ಹಾಕಿದ. ಊಟವಾದ ಮೇಲೆ ಪಂಪಣ್ಣನವರಿಗೆ ಜೊಂಪು ಹತ್ತಿತು. ಇವನಿಗೆ ನಿದ್ದೆ ಬಂದಿರಲಿಲ್ಲ, ಆದರೂ ಕಣ್ಣು ಮುಚ್ಚಿ ಬಾಯಿ ಸ್ವಲ್ಪ ತೆರೆದ.

ಅದೇ ಹೊತ್ತಿಗೆ ಸಭಾಧ್ಯಕ್ಷರು ಕರೆದರು. “ಹಿರೇಕಣಿವೆಯ ಸದಸ್ಯರು, ಬಿದಿರು ಡಿಪೋ ಕುರಿತು ಪ್ರಶ್ನೆ. ಕೇತಪ್ಪನವರು.”

ಕೇತಪ್ಪನಿಗೆ ಚೆನ್ನಾಗಿ ಕೇಳಿಸಿತು. ಪಕ್ಕಕ್ಕೆ ಒಂದು ಕಣ್ಣು ತೆರೆದು ನೋಡಿದ. ಪಂಪಣ್ಣನವರು ಇನ್ನೂ ಎದ್ದಿರಲಿಲ್ಲ. ಮತ್ತೆ ಮುಚ್ಚಿಕೊಂಡ. ಪ್ರಶ್ನೆ ಬಿದ್ದುಹೋಯಿತು.

ಶನಿವಾರ ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದ.

“ಅಯ್ಯೋ ನನ್ನಪ್ಪಾ, ಹಾಗಲ್ಲ. ಅವರು ಮಲಗಿದರೆ ನಿನಗೇನು? ಹೆಸರು ಹಿಡಿದು ಕರೆದರೆ ಬಂದೆ ಅಂತ ಎದ್ದು ಹೋಗಬೇಕು.”

“ಆಗಲಿ ಅವ್ವಾ, ಇನ್ನು ಮೇಲೆ ಹಾಗೇ ಮಾಡ್ತೀನಿ.”

ಸೋಮವಾರ ಸದನದಲ್ಲಿ ಗದ್ದಲವೋ ಗದ್ದಲ. ಎದುರು ಸಾಲಿನಲ್ಲಿ ಒನಕೆ ಪಕ್ಷದ ದ್ಯಾಮಣ್ಣ ಕೂತಿದ್ದ. ಯಾರನ್ನು ಹೇಗೆ ಕರೆದರೆ ಬರುತ್ತಾರೆ ಅಂತ ಬಲ್ಲವನು. ಅವನು ನಗುತ್ತ ಕೂಗಿದ: “ಕೇತಪ್ಪನವರೇ, ಅಲ್ಲೇನು ಮಾಡ್ತಿದ್ದೀರಿ? ಬನ್ನಿ ಈ ಕಡೆಗೆ.”

“ಬಂದೆ” ಅಂದು ಕೇತಪ್ಪ ಎದ್ದ. ಸದನದ ನಡುವೆ ನಡೆದುಕೊಂಡು ಹೋಗಿ ದ್ಯಾಮಣ್ಣನ ಪಕ್ಕದಲ್ಲಿ ಕೂತ.

ಕರೆದ ದ್ಯಾಮಣ್ಣನಿಗೇ ನಂಬಿಕೆ ಬರಲಿಲ್ಲ. ಆಮೇಲೆ ಒನಕೆಯವರು ಚಪ್ಪಾಳೆ ತಟ್ಟಿದರು. ಮೊರದವರು ಕಾಯ್ದೆ ಪುಸ್ತಕ ತೆಗೆದರು. ಸಭಾಧ್ಯಕ್ಷರು ಕನ್ನಡಕ ಕೆಳಗಿಳಿಸಿ ಕೇಳಿದರು:

“ಏನು ಕೇತಪ್ಪನವರೇ, ಪಕ್ಷ ಬಿಟ್ಟಿರಾ?”

“ಇಲ್ಲ ಸ್ವಾಮಿ. ಕರೆದರು, ಬಂದೆ.”

“ಯಾರು ಕರೆದರೂ ಹೋಗ್ತೀರಾ?”

“ನೀವು ಕರೆದರೂ ಬರ್ತೀನಿ ಸ್ವಾಮಿ.”

ಸಭಾಧ್ಯಕ್ಷರು ನಗು ತಡೆದುಕೊಂಡು, ಇದನ್ನು ಪಕ್ಷಾಂತರ ಅನ್ನಲಾಗುವುದಿಲ್ಲ, ಸದಸ್ಯರು ತಮ್ಮ ಜಾಗಕ್ಕೆ ಹೋಗಲಿ ಅಂದರು. ಪಂಪಣ್ಣನವರು ಅವನ ರಟ್ಟೆ ಹಿಡಿದು ಮೊಗಸಾಲೆಗೆ ಎಳೆದುಕೊಂಡು ಹೋದರು.

“ಲೇ ಮಹರಾಯ, ಸೀಟು ಹೋಗೋದು ಕೂದಲೆಳೆಯಲ್ಲಿ ತಪ್ಪಿತು. ಒನಕೆ ಪಕ್ಷದಲ್ಲಿದ್ದವರ ಹತ್ತಿರ ಮಾತಾಡಬೇಡ. ಅವರು ಏನು ಕೊಟ್ಟರೂ ಮುಟ್ಟಬೇಡ.”

“ಆಗಲಿ ಅಣ್ಣಾರೆ, ಇನ್ನು ಮೇಲೆ ಹಾಗೇ ಮಾಡ್ತೀನಿ.”

ಅದೇ ವಾರ ಅರಣ್ಯ ಮಂತ್ರಿಗಳು ಕೇತಪ್ಪನನ್ನು ಕೊಠಡಿಗೆ ಕರೆಸಿದರು. ಪಂಪಣ್ಣನವರೇ ಹೇಳಿ ಮಾಡಿಸಿದ್ದ ಕೆಲಸ. ಡಿಪೋ ತೆಗೆಯಬೇಕು ಅನ್ನುವ ಮನವಿ ಟೈಪಾಗಿ ಸಿದ್ಧವಿತ್ತು, ಶಾಸಕರದೊಂದು ಸೈನ್ ಬೇಕಿತ್ತು.

“ಬನ್ನಿ ಕೇತಪ್ಪನವರೇ, ಇದಕ್ಕೊಂದು ಸೈನ್ ಹಾಕಿ” ಅಂತ ಮಂತ್ರಿಗಳು ಕಾಗದ ಮುಂದೆ ಹಿಡಿದರು.

ಈ ಮಂತ್ರಿಗಳು ಎರಡು ವರ್ಷದ ಹಿಂದೆ ಒನಕೆ ಪಕ್ಷದಲ್ಲಿದ್ದವರು. ರಾಜೀನಾಮೆ ಕೊಟ್ಟು ಈ ಕಡೆ ಬಂದು ಗೆದ್ದವರು. ಕಾರು ಅದೇ, ಡ್ರೈವರ್ ಅದೇ. ಅದು ಎಲ್ಲರಿಗೂ ಗೊತ್ತಿತ್ತು, ಕೇತಪ್ಪನಿಗೂ ಗೊತ್ತಿತ್ತು. ಒನಕೆ ಪಕ್ಷದಲ್ಲಿದ್ದವರು ಅಂದಿದ್ದರಲ್ಲ ಪಂಪಣ್ಣನವರು. ಕೇತಪ್ಪ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ತುಟಿ ಬಿಗಿಹಿಡಿದ.

“ಯಾಕ್ರೀ?”

ಮಾತಿಲ್ಲ.

“ಮೈಗೆ ಹುಷಾರಿಲ್ಲವೇನ್ರೀ?”

ಮಾತಿಲ್ಲ. ಮಂತ್ರಿಗಳ ಆಪ್ತ ಸಹಾಯಕ ಮೆಲ್ಲಗೆ ಕೇಳಿದ್ದಕ್ಕೆ ಅವನ ಕಿವಿಯಲ್ಲಿ ಕೇತಪ್ಪ ಕಾರಣ ಹೇಳಿದ. ಸಹಾಯಕ ಮಂತ್ರಿಗಳ ಕಿವಿಯಲ್ಲಿ ಹೇಳಿದ. ಮಂತ್ರಿಗಳ ಮುಖ ಕೆಂಪಾಯಿತು. ಕಾಗದ ಡ್ರಾಯರಿನೊಳಗೆ ಹೋಯಿತು.

ಶನಿವಾರ ಸಾತವ್ವ ಇದನ್ನು ಕೇಳಿ ಹಣೆ ಹಣೆ ಚಚ್ಚಿಕೊಂಡಳು. ಹಿತ್ತಿಲಲ್ಲಿ ಅರ್ಧ ಹೊರೆ ಬಿದಿರು ಉಳಿದಿತ್ತು.

“ಅಯ್ಯೋ ನನ್ನಪ್ಪಾ, ಹಾಗಲ್ಲ. ಅದು ನಮ್ಮ ಡಿಪೋ ಕಾಗದ. ಯಾರು ಯಾವ ಕಾಗದ ಕೊಟ್ಟರೂ ಮೊದಲು ಸೈನ್ ಹಾಕು. ಉಳಿದದ್ದು ಆಮೇಲೆ.”

“ಆಗಲಿ ಅವ್ವಾ, ಇನ್ನು ಮೇಲೆ ಹಾಗೇ ಮಾಡ್ತೀನಿ.”

ಸೋಮವಾರ ಬೆಳಗ್ಗೆ ಪೇಪರಿನವನು ಪೇಪರ್ ಕೊಟ್ಟ. ಕೇತಪ್ಪ ಸೈನ್ ಹಾಕಿ ವಾಪಸ್ ಕೊಟ್ಟ. ಯಾರೋ ಮದುವೆ ಕಾಗದ ಕೊಟ್ಟರು, ಹುಡುಗ ಹುಡುಗಿಯ ಹೆಸರಿನ ಕೆಳಗೆ ಸೈನ್ ಹಾಕಿದ. ಮಧ್ಯಾಹ್ನ ದ್ಯಾಮಣ್ಣ ಒಂದು ಕಾಗದ ತಂದ. “ಈ ಮೂಲಕ ನನ್ನ ಶಾಸಕ ಸ್ಥಾನಕ್ಕೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ” ಅಂತಿತ್ತು. ಅದಕ್ಕೂ ಹಾಕಿದ. ಊರು ಹಿರೇಕಣಿವೆ ಅಂತಲೂ ಗುಂಡಗೆ ಬರೆದ.

ಸಂಜೆ ಸಭಾಧ್ಯಕ್ಷರು ಕರೆಸಿದರು. ರಾಜೀನಾಮೆ ಬಂದರೆ, ಅದು ಸ್ವಂತ ಇಚ್ಛೆಯದೋ ಅಲ್ಲವೋ ಅಂತ ಅವರು ವಿಚಾರಿಸಬೇಕು.

“ಈ ಸೈನ್ ನಿಮ್ಮದೇನಾ?”

“ನಂದೇ ಸ್ವಾಮಿ.”

“ನಿಮ್ಮ ಇಷ್ಟದಿಂದ ಹಾಕಿದ್ದಾ?”

“ನನ್ನಿಷ್ಟ ಎಲ್ಲಿ ಬಂತು ಸ್ವಾಮಿ. ನಮ್ಮ ಅವ್ವನ ಇಷ್ಟ.”

ಸಭಾಧ್ಯಕ್ಷರು ಕಾಗದವನ್ನು ನೋಡಿದರು, ಕೇತಪ್ಪನನ್ನು ನೋಡಿದರು. ಮೂವತ್ತು ವರ್ಷದಲ್ಲಿ ಎಷ್ಟೋ ರಾಜೀನಾಮೆ ನೋಡಿದ್ದರು. ಇಷ್ಟು ನಿಜವಾದ ಉತ್ತರ ಕೇಳಿರಲಿಲ್ಲ. ಇದು ಸ್ವಇಚ್ಛೆಯದಲ್ಲ ಅಂತ ಬರೆದು ತಿರಸ್ಕರಿಸಿದರು.

ಇತ್ತ ಒನಕೆಯವರು ಸರ್ಕಾರಕ್ಕೆ ಬಹುಮತ ಇಲ್ಲ ಅಂತ ಕೂಗೆಬ್ಬಿಸಿದರು. ಹತ್ತು ದಿನದಲ್ಲಿ ವಿಶ್ವಾಸಮತ ಅಂತಾಯಿತು. ಪಂಪಣ್ಣನವರು ತಮ್ಮವರನ್ನೆಲ್ಲ ಬಸ್ಸಿಗೆ ತುಂಬಿ ಊರ ಹೊರಗಿನ ಒಂದು ರೆಸಾರ್ಟಿಗೆ ಕರೆದುಕೊಂಡು ಹೋದರು. ಅಲ್ಲಿ ಕೇತಪ್ಪನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು.

“ನೋಡು. ಒಬ್ಬ ಆ ಕಡೆ ಹೋದರೆ ಅದು ಪಕ್ಷಾಂತರ. ಸೀಟು ಹೋಗುತ್ತೆ. ಮೂರರಲ್ಲಿ ಎರಡು ಪಾಲು ಜನ ಒಟ್ಟಿಗೆ ಹೋದರೆ ಅದು ವಿಲೀನ. ಏನೂ ಆಗೋದಿಲ್ಲ.”

“ಒಬ್ಬ ಹೋದರೆ ತಪ್ಪು, ತುಂಬ ಜನ ಹೋದರೆ ತಪ್ಪಲ್ಲವಾ ಅಣ್ಣಾರೆ?”

“ಕಾಯ್ದೆ ಹಾಗಿದೆ. ನೀನು ಅದನ್ನೆಲ್ಲ ಯೋಚಿಸಬೇಡ. ಒಬ್ಬನೇ ಎಲ್ಲೂ ಹೋಗಬೇಡ. ಗುಂಪು ಎಲ್ಲಿ ಹೋಗುತ್ತೋ ಅಲ್ಲಿ ಹೋಗು, ಅಷ್ಟೆ.”

“ಆಗಲಿ ಅಣ್ಣಾರೆ, ಇನ್ನು ಮೇಲೆ ಹಾಗೇ ಮಾಡ್ತೀನಿ.”

ಅದೇ ರೆಸಾರ್ಟಿನಲ್ಲಿ ಒಂದು ಮದುವೆಯೂ ಇತ್ತು. ಮರುದಿನ ಬೆಳಗ್ಗೆ ಶಾಸಕರು ನಾಲ್ಕು ಜನ ಕಾಫಿ ಕುಡಿಯುತ್ತ ಕೂತಿದ್ದರು. ಹೆಣ್ಣು ಒಪ್ಪಿಸಿಕೊಂಡ ಗಂಡಿನ ಕಡೆಯವರು ಎಂಬತ್ತು ಜನ ಬಸ್ ಹತ್ತುತ್ತಿದ್ದರು. ಗುಂಪು ಯಾವುದು ಅಂತ ಕೇತಪ್ಪ ಎಣಿಸಿ ನೋಡಿದ. ಬಸ್ ಹತ್ತಿದ.

ಶಾಸಕ ಕೇತಪ್ಪ ನಾಪತ್ತೆ ಅಂತ ಟಿವಿಯಲ್ಲಿ ಬಂತು. ಒನಕೆಯವರೇ ಅಪಹರಿಸಿದ್ದಾರೆ ಅಂತ ಮೊರದವರು ಧರಣಿ ಕೂತರು. ಮೂರನೆಯ ದಿನ ಗದಗಿನ ಹತ್ತಿರದ ಹಳ್ಳಿಯೊಂದರಲ್ಲಿ ಕೇತಪ್ಪ ಸಿಕ್ಕಿದ. ಬೀಗರ ಊಟದ ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದ. ಗಂಡಿನ ಕಡೆಯವರು ಅವನನ್ನು ಹೆಣ್ಣಿನ ಕಡೆಯವನು ಅಂದುಕೊಂಡಿದ್ದರು. ಕಳಿಸುವಾಗ ಒಂದು ಟವೆಲ್ ಹೊದಿಸಿ, ತಾಂಬೂಲದ ಚೀಲ ಕೊಟ್ಟರು.

ಪಂಪಣ್ಣನವರು ಬೈಯಲಿಲ್ಲ. ಬೈಯುವ ಶಕ್ತಿ ಉಳಿದಿರಲಿಲ್ಲ. ಮತಕ್ಕೆ ನಾಲ್ಕು ದಿನವಿತ್ತು. ಕಾರಿನಲ್ಲಿ ಹಿರೇಕಣಿವೆಗೆ ಕರೆತಂದು ಸಾತವ್ವನ ಮುಂದೆ ನಿಲ್ಲಿಸಿದರು. “ತಾಯೀ, ನೀನೇ ಏನಾದರೂ ಹೇಳು” ಅಂದು ಹೊರಗೆ ಜಗಲಿಯ ಮೇಲೆ ಕೂತುಬಿಟ್ಟರು.

ಸಾತವ್ವ ಮಗನ ಮುಖ ನೋಡಿದಳು. ಹಿತ್ತಿಲಲ್ಲಿ ಬಿದಿರು ಮುಗಿದಿತ್ತು. ಇವತ್ತೋ ನಾಳೆಯೋ ಅವಳೂ ಗಾರೆ ಕೆಲಸಕ್ಕೆ ಹೋಗಬೇಕಿತ್ತು. ಅರವತ್ತು ದಾಟಿದ ಹೆಂಗಸನ್ನು ಯಾರು ಕರೆಯುತ್ತಾರೆ ಅನ್ನುವುದೂ ಗೊತ್ತಿರಲಿಲ್ಲ.

“ನಿನ್ನನ್ನ ಕಳಿಸಿದ್ದು ಯಾಕಪ್ಪಾ?”

“ಡಿಪೋ ಬಾಗಿಲು ತೆಗೆಸೋಕೆ ಅವ್ವಾ.”

“ತೆಗೆಸಿದೆಯಾ?”

“ಇಲ್ಲ ಅವ್ವಾ.”

“ಕಂಡವರ ಹಿಂದೆಲ್ಲ ತಿರುಗಿದರೆ ಹೇಗಪ್ಪಾ ಆಗುತ್ತೆ? ಈ ಸಲ ಹೋಗಿ ನಿನ್ನ ಜಾಗದಲ್ಲಿ ಗಟ್ಟಿಯಾಗಿ ಕೂತ್ಕೋ. ಡಿಪೋ ಬಾಗಿಲು ತೆಗೆಯೋವರೆಗೂ ಏಳಬೇಡ. ತೆಗೆದರು ಅಂದ ಮೇಲೇ ಏಳು.”

“ಆಗಲಿ ಅವ್ವಾ, ಇನ್ನು ಮೇಲೆ ಹಾಗೇ ಮಾಡ್ತೀನಿ.”

ಜಗಲಿಯ ಮೇಲಿದ್ದ ಪಂಪಣ್ಣನವರಿಗೆ ಗಟ್ಟಿಯಾಗಿ ಕೂತ್ಕೋ ಅನ್ನುವಷ್ಟು ಮಾತ್ರ ಕೇಳಿಸಿತು. ಅಷ್ಟೇ ಸಾಕಾಗಿತ್ತು ಅವರಿಗೆ.

ವಿಶ್ವಾಸಮತದ ದಿನ ಬಂತು. ಇಲ್ಲಿ ಹಿರೇಕಣಿವೆಯಲ್ಲಿ ಮೇದಾರ ಓಣಿಯ ಹೆಂಗಸರೆಲ್ಲ ಬೆಳಗ್ಗೆಯೇ ಡಿಪೋ ಗೇಟಿನ ಮುಂದೆ ಬಂದು ಕೂತರು. ಸರ್ಕಾರ ಉಳಿದರೆ ತೆಗೆದಾರು ಅಂತ ಒಂದು ಆಸೆ. ಅಲ್ಲಿ ಸದನದಲ್ಲಿ ಕೇತಪ್ಪ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತ. ಮೇಜನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ಪಂಪಣ್ಣನವರು ಈ ಸಲ ಅವನ ಕೈಗೂ ಚೀಟಿ ಕೊಟ್ಟರು. ಹಾಜರಿದ್ದು ಸರ್ಕಾರದ ಪರ ಮತ ಹಾಕತಕ್ಕದ್ದು, ತಪ್ಪಿದರೆ ಸ್ಥಾನ ಹೋಗುವುದು ಅಂತ ಬರೆದಿತ್ತು.

ಮಾತುಗಳು ಮುಗಿದವು. ಸಭಾಧ್ಯಕ್ಷರು ಹೇಳಿದರು: “ಸರ್ಕಾರದ ಪರ ಇರುವವರು ಎದ್ದು ನಿಲ್ಲಿ. ಸಾಲು ಸಾಲಾಗಿ ಎಣಿಕೆ ನಡೆಯುತ್ತದೆ.”

ಮೊರದವರೆಲ್ಲ ಎದ್ದರು. ಕೇತಪ್ಪ ಏಳಲಿಲ್ಲ.

“ಏಳೋ” ಅಂದರು ಪಂಪಣ್ಣನವರು ಹಲ್ಲು ಕಚ್ಚಿ.

“ಡಿಪೋ ತೆಗೆದರೆ ಏಳ್ತೀನಿ ಅಣ್ಣಾರೆ. ಅವ್ವ ಹೇಳಿದ್ದಾಳೆ.”

“ನಾಳೆ ತೆಗೆಸ್ತೀನಿ, ಈಗ ಏಳು.”

“ನಾಳೆ ತೆಗೆದರೆ ನಾಳೆ ಏಳ್ತೀನಿ.”

ಎಣಿಸುವವರು ಹಿಂದಿನ ಸಾಲಿನಿಂದ ಶುರುಮಾಡಿದ್ದರು. ಒಂದು, ಎರಡು, ಮೂರು. ಪಂಪಣ್ಣನವರು ಅರಣ್ಯ ಮಂತ್ರಿಗಳ ಅಂಗಿ ಜಗ್ಗಿದರು. ಮಂತ್ರಿಗಳು ನಿಂತಲ್ಲೇ ಬಗ್ಗಿ, ಮೇಜಿನ ಕೆಳಗೆ ಫೋನ್ ಹಿಡಿದು ಅರಣ್ಯಾಧಿಕಾರಿಗೆ ಆಜ್ಞೆ ಮಾಡಿದರು. ಈಗಲೇ, ಈ ಗಳಿಗೆಯಲ್ಲೇ ಹಿರೇಕಣಿವೆ ಡಿಪೋ ಬೀಗ ತೆಗೆಯಿರಿ, ಆದೇಶ ವಾಟ್ಸಾಪಿನಲ್ಲಿ ಬರುತ್ತದೆ, ನಾಳೆಯಿಂದ ಬಿದಿರು ಸಾಗಿಸಿ ಅಂದರು. ನಾಲ್ಕು ವರ್ಷ ಆಗದ ಆಜ್ಞೆ ನಾಲ್ಕು ನಿಮಿಷದಲ್ಲಿ ಆಯಿತು.

“ಆಯ್ತಲ್ಲ, ಏಳು” ಅಂದರು ಮಂತ್ರಿಗಳು.

“ತೆಗೆದದ್ದನ್ನ ಅವ್ವ ನೋಡಿ ಹೇಳಲಿ.”

ಹಿರೇಕಣಿವೆಯಲ್ಲಿ ಅರಣ್ಯ ಕಾವಲುಗಾರ ಬೀಗದ ಕೈ ಹುಡುಕಿದ. ಸಿಗಲಿಲ್ಲ. ಹೆಂಗಸರೇ ಮಚ್ಚು ಕೊಟ್ಟರು. ನಾಲ್ಕು ವರ್ಷ ತುಕ್ಕು ಹಿಡಿದ ಬೀಗ ನಾಲ್ಕನೇ ಏಟಿಗೆ ಬಿತ್ತು. ಕಾವಲುಗಾರ ಮಂತ್ರಿಗಳ ನಂಬರು ಒತ್ತಿ ತನ್ನ ಫೋನನ್ನು ಸಾತವ್ವನ ಕೈಗೆ ಕೊಟ್ಟ. ಅಷ್ಟರಲ್ಲಿ ಸದನದಲ್ಲಿ ಮುಂದಿನ ಸಾಲಿನ ಎಣಿಕೆಯೂ ಮುಗಿದಿತ್ತು.

“ಪರ ಇದ್ದವರು ಕೂತುಕೊಳ್ಳಿ” ಅಂದರು ಸಭಾಧ್ಯಕ್ಷರು. “ವಿರೋಧ ಇರುವವರು ಎದ್ದು ನಿಲ್ಲಿ.”

ಮೊರದವರು ಕೂತರು. ಒನಕೆಯವರು ಎದ್ದರು. ಪಂಪಣ್ಣನವರಿಗೆ ಇನ್ನೂ ಒಂದು ಆಸೆಯಿತ್ತು. ಕೇತಪ್ಪ ಕೂತೇ ಇದ್ದರೆ ಎರಡೂ ಕಡೆ ಸಮ, ಸಭಾಧ್ಯಕ್ಷರ ಮತದಿಂದ ಬದುಕಿಕೊಳ್ಳಬಹುದು. ಅಷ್ಟರಲ್ಲಿ ಮಂತ್ರಿಗಳ ಫೋನ್ ನಡುಗಿತು. ಅವರು ಬೇಡ ಬೇಡ ಅನ್ನುತ್ತಿದ್ದ ಹಾಗೆಯೇ ಕೇತಪ್ಪ ಅದನ್ನು ತೆಗೆದುಕೊಂಡು ಕಿವಿಗೆ ಹಿಡಿದ. ಅವ್ವನ ದನಿ.

“ತೆಗೆದರು ಕಣಪ್ಪಾ. ಡಿಪೋ ಬಾಗಿಲು ತೆಗೆದರು.”

ಕೇತಪ್ಪ ಎದ್ದು ನಿಂತ.

ಪಂಪಣ್ಣನವರು ಅವನ ಪಂಚೆ ಹಿಡಿದು ಎಳೆದರು. ಇಬ್ಬರು ಹೆಗಲು ಒತ್ತಿದರು. ಬಿದಿರಿನ ಹೊರೆ ಹೊತ್ತ ಹೆಗಲು ಅದು, ಬಗ್ಗಲಿಲ್ಲ. ಎಣಿಸುವವನು ಬಂದ, ಅವನ ತಲೆಯನ್ನೂ ಎಣಿಸಿದ. ಒಂದೇ ಒಂದು ತಲೆಯಿಂದ ಸರ್ಕಾರ ಬಿತ್ತು.

ಮಾರನೆಯ ವಾರ ಒನಕೆಯವರ ಸರ್ಕಾರ ಬಂತು. ಅರಣ್ಯ ಮಂತ್ರಿಗಳು ರಾಜೀನಾಮೆ ಕೊಟ್ಟು ಆ ಕಡೆ ಹೋಗಿ ಅಲ್ಲಿಯೂ ಅರಣ್ಯ ಮಂತ್ರಿಗಳಾದರು. ತಾವೇ ಮಾಡಿದ ಆಜ್ಞೆಯನ್ನು ತಾವೇ ಹೇಗೆ ರದ್ದು ಮಾಡುವುದು ಅಂತ ಡಿಪೋವನ್ನು ಹಾಗೆಯೇ ಬಿಟ್ಟರು. ಅವರ ಮೇಲೆ ಯಾವ ಕಾಯ್ದೆಯೂ ತಗಲಲಿಲ್ಲ. ಕೇತಪ್ಪನಿಗೆ ನೋಟೀಸು ಬಂತು. ನೀವು ವಿಪ್ ಮೀರಿದ್ದೀರಿ, ನಿಮ್ಮ ಸ್ಥಾನ ಯಾಕೆ ರದ್ದು ಮಾಡಬಾರದು, ಬಂದು ಹೇಳಿ ಅಂತ.

ಓಣಿಯ ಮೇಷ್ಟರು ಓದಿ ಹೇಳಿದರು. ಸಾತವ್ವ ಕೇಳಿದಳು. “ಪಕ್ಷ ಬಿಟ್ಟೆಯೇನಪ್ಪಾ?”

“ಇಲ್ಲ ಅವ್ವಾ. ಇದ್ದ ಜಾಗದಲ್ಲೇ ಎದ್ದು ನಿಂತೆ. ಒಂದು ಹೆಜ್ಜೆ ಆಚೆ ಈಚೆ ಇಡಲಿಲ್ಲ.”

ಅವಳಿಗೆ ಬೈಯುವುದಕ್ಕೆ ಬಾಯಿ ಬರಲಿಲ್ಲ. ತೆಗೆದರು ಅಂದ ಮೇಲೇ ಏಳು ಅಂದವಳು ಅವಳೇ. ಅವನ ಅಂಗಿಯ ಕಾಲರು ಸರಿಮಾಡಿ ಹೇಳಿದಳು.

“ಸಭಾಧ್ಯಕ್ಷರು ಒಳ್ಳೆಯವರು ಕಣಪ್ಪಾ. ಹೋಗಿ ತಪ್ಪಾಯ್ತು ಅನ್ನು. ಏನು ಕೇಳಿದರೂ ತಪ್ಪಾಯ್ತು ಅನ್ನು. ಬೇರೆ ಮಾತೇ ಆಡಬೇಡ.”

“ಆಗಲಿ ಅವ್ವಾ, ಇನ್ನು ಮೇಲೆ ಹಾಗೇ ಮಾಡ್ತೀನಿ.”

ಸಭಾಧ್ಯಕ್ಷರು ನಿಜವಾಗಿ ಒಳ್ಳೆಯವರು. ಅವನನ್ನು ಉಳಿಸುವುದಕ್ಕೆ ಒಂದು ಸಣ್ಣ ಎಳೆ ಸಿಕ್ಕರೂ ಸಾಕು ಅಂತ ಕಾಯುತ್ತಿದ್ದರು.

“ನಿಮಗೆ ಎಣಿಕೆ ಗೊಂದಲವಾಯಿತು, ಅಲ್ಲವೇ? ಪರದ ಎಣಿಕೆ ಅಂತ ತಿಳಿದು ಎದ್ದಿರಿ?”

“ತಪ್ಪಾಯ್ತು ಸ್ವಾಮಿ.”

“ತಪ್ಪಿನ ಮಾತಲ್ಲ. ಹೌದು ಅಂತ ಒಂದು ಮಾತು ಹೇಳಿ, ಬರೆದುಕೊಳ್ತೀನಿ.”

“ತಪ್ಪಾಯ್ತು ಸ್ವಾಮಿ.”

“ನಿಮ್ಮ ಪಕ್ಷ ಬಿಡೋ ಉದ್ದೇಶ ನಿಮಗಿರಲಿಲ್ಲ?”

“ತಪ್ಪಾಯ್ತು ಸ್ವಾಮಿ.”

ಸಭಾಧ್ಯಕ್ಷರು ಪೆನ್ನು ಕೆಳಗಿಟ್ಟರು. ಆಮೇಲೆ, ಕಡತಕ್ಕಲ್ಲ, ಸುಮ್ಮನೆ ಕೇಳಿದರು: “ನಿಮ್ಮ ಜನಕ್ಕೆ ಬಿದಿರು ಸಿಗೋ ಹಾಗೆ ಮಾಡಿದಿರಂತೆ?”

“ತಪ್ಪಾಯ್ತು ಸ್ವಾಮಿ” ಅಂದ ಕೇತಪ್ಪ.

ಅವರು ಮತ್ತೆ ಪೆನ್ನು ಎತ್ತಿಕೊಂಡರು. ತಪ್ಪೊಪ್ಪಿಕೊಂಡಿದ್ದಾರೆ ಅಂತ ಬರೆದು ಸೈನ್ ಹಾಕಿದರು. ಕೇತಪ್ಪನ ಎಮ್ಮೆಲ್ಲೆಗಿರಿ ಅಲ್ಲಿಗೆ ಮುಗಿಯಿತು.

ಹೊರಗೆ ಬಂದು ಊರಿನ ಬಸ್ ಹತ್ತಿದ. ಕಂಡಕ್ಟರ್ ಬಂದು ಎಲ್ಲಿಗೆ ಅಂದ. “ತಪ್ಪಾಯ್ತು” ಅಂದ ಕೇತಪ್ಪ. ಟಿಕೆಟ್ ತಗೊಳ್ಳಿ ಅಂದ. “ತಪ್ಪಾಯ್ತು.” ಬೇರೆ ಮಾತೇ ಆಡಬೇಡ ಅಂದಿದ್ದಳಲ್ಲ ಅವ್ವ. ಎರಡು ಸಲ ಕೇಳಿ ನೋಡಿ ಕಂಡಕ್ಟರ್ ಸೀಟಿ ಊದಿದ. ಕೇತಪ್ಪ ಇಳಿದು ನಡೆಯುತ್ತ ಹೊರಟ.

ಎರಡನೆಯ ದಿನ ಮಧ್ಯಾಹ್ನ ಹಿಂದಿನಿಂದ ಮೂರು ಲಾರಿ ಬಂದವು. ತುಂಬ ಹಸಿ ಬಿದಿರು, ತುದಿಗಳು ಹಿಂದಕ್ಕೆ ಬಾಗಿ ರಸ್ತೆ ಗುಡಿಸುತ್ತಿದ್ದವು. ಕೊನೆಯ ಲಾರಿಯವನು ಪಕ್ಕಕ್ಕೆ ನಿಲ್ಲಿಸಿದ. ತಲೆ ಹೊರಗೆ ಹಾಕಿ ಕೇಳಿದ: “ಹಿರೇಕಣಿವೆ ಡಿಪೋಗೆ ಹೊರಟಿದ್ದೀವಿ ಅಣ್ಣಾ. ಬಿಸಿಲಲ್ಲಿ ಯಾಕೆ ನಡೀತೀಯ, ಹತ್ತು ಬಾ.”

ಕೇತಪ್ಪ ಬಿದಿರನ್ನು ನೋಡಿದ. ಒಂದು ಗಳವನ್ನು ಅಂಗೈಯಲ್ಲಿ ಸವರಿದ. ಮೊರಕ್ಕೆ ಹೇಳಿ ಮಾಡಿಸಿದ ಬಿದಿರು, ಗೆಣ್ಣು ದೂರ ದೂರ. ಮುಖವೆಲ್ಲ ನಗುವಾಯಿತು. ಎರಡು ಕೈ ಜೋಡಿಸಿದ.

“ತಪ್ಪಾಯ್ತು” ಅಂದ.

ಲಾರಿಯವನು ಕಾದು ನೋಡಿ ಹೊರಟುಹೋದ. ಬಿದಿರು ಹಿರೇಕಣಿವೆ ಸೇರಿತು, ಓಣಿಯಲ್ಲಿ ಮೊರ ಹೆಣೆಯುವುದು ಮತ್ತೆ ಶುರುವಾಯಿತು. ಕೇತಪ್ಪ ಇನ್ನೂ ದಾರಿಯಲ್ಲಿದ್ದಾನೆ, ದಾರಿ ಕೇಳುವುದಕ್ಕೂ ಅವನಿಗೆ ತಪ್ಪಾಯ್ತು ಅನ್ನುವ ಮಾತೊಂದೇ. ನಿಮ್ಮ ಊರ ಮೇಲೆ ಹಾದು ಬಂದರೆ, ಅವ್ವ ಬಾಗಿಲಲ್ಲಿ ಕಾಯುತ್ತಿದ್ದಾಳೆ, ಮನೆಗೆ ಹೋಗಪ್ಪಾ ಅನ್ನಿ. ಅಷ್ಟೇ ಅನ್ನಿ, ಅದಕ್ಕಿಂತ ಹೆಚ್ಚಿಗೆ ಒಂದು ಮಾತೂ ಹೇಳಬೇಡಿ.